ಅಜ್ಜನ ಡಿಕ್ಲರೇಶನ್, ಅಜ್ಜಿಯ ಬೆಲ್ಲ

ಆರು ವರ್ಷದಿಂದ ಒಂದು ಬೀಗದ ಕೈ ನಮ್ಮ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮಂಗಳೂರಿನ ಬಿಜೈಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ನೀರಿನ ವಾಲ್ವ್ ಇರುವ ಕೋಣೆಯದು. ನಾನು ಅಸೋಸಿಯೇಶನ್ನಿನ ಕಾರ್ಯದರ್ಶಿ. ಎರಡು ವರ್ಷಕ್ಕೆ ಅಂತ ಒಪ್ಪಿಕೊಂಡದ್ದು, ಅದೂ ಬೇರೆ ಯಾರೂ ಕೈ ಎತ್ತಲಿಲ್ಲ ಅಂತ. ಮೊನ್ನೆ ಮಗಳು ಆ ಕೀಯನ್ನು ಬೆರಳಲ್ಲಿ ಗರಗರ ತಿರುಗಿಸುತ್ತಾ, "ಅಮ್ಮಾ, ನೀನು ಕತೆ ಹೇಳ್ತೀಯಲ್ಲ ಆ ಅಜ್ಜ, ಈಗ ನೀನೂ ಅವರ ಹಾಗೆಯೇ ಆಗಿದ್ದೀ" ಅಂದಳು. ತಮಾಷೆಗೆ ಅಂದದ್ದೇ. ಆದರೆ ಆವತ್ತಿನಿಂದ ಇದನ್ನು ಬರೆಯಬೇಕು ಅನ್ನಿಸುತ್ತಲೇ ಇದೆ.

ಅಜ್ಜ ಅಂದರೆ ನನ್ನ ಅಜ್ಜಿಯ ಅಣ್ಣ. ಅಮ್ಮನಿಗೆ ಸೋದರಮಾವ. ನಮ್ಮದು ಅಳಿಯಸಂತಾನದ ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಮಾವನಿಂದ ಅಳಿಯನಿಗೆ ಹೋಗುವುದು, ಹಾಗಾಗಿ ಅಜ್ಜಿಯ ಗಂಡ ಬಂದು ಹೋಗುವ ನೆಂಟರು, ಮನೆಯ ಯಜಮಾನ ಅಜ್ಜಿಯ ಅಣ್ಣ. ಉಡುಪಿಯಿಂದ ಒಳಗೆ, ಹಿರಿಯಡ್ಕದ ಆಚೆ, 1 ಎಕರೆ 80 ಸೆಂಟ್ಸ್ ಗದ್ದೆ. ನಮ್ಮದಲ್ಲ, ಧನಿಗಳದ್ದು. ನಾವು ಚಾಲಗೇಣಿಯ ಒಕ್ಕಲು. ಮೂಲಗೇಣಿಯವರಿಗಾದರೆ ಸ್ವಲ್ಪ ಧೈರ್ಯ ಇರುತ್ತಿತ್ತು, ಅವರನ್ನು ಸುಲಭಕ್ಕೆ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವರು ಹಾಗಲ್ಲ. ಧನಿಗೆ ಮನಸ್ಸು ಬಂದರೆ ಮುಂದಿನ ವರ್ಷ ಗದ್ದೆ ಇನ್ನೊಬ್ಬನಿಗೆ.

ಅಜ್ಜ ಧನಿಗಳ ಮನೆಗೆ ಅಕ್ಕಿಮುಡಿ ಹೊತ್ತುಕೊಂಡು ಹೋಗುವುದನ್ನು ಅಮ್ಮ ಚಿಕ್ಕವಳಿರುವಾಗ ನೋಡಿದ್ದಾಳೆ. ಗೇಣಿಯ ಜೊತೆಗೆ ಬಾಳೆಗೊನೆ, ತೆಂಗಿನಕಾಯಿ, ಹಬ್ಬಕ್ಕೆ ಕೋಳಿ. ಚಾವಡಿ ಹತ್ತುವಂತಿಲ್ಲ, ಅಂಗಳದಲ್ಲೇ ನಿಲ್ಲಬೇಕು. ಅಂಗಳಕ್ಕೆ ಕಾಲಿಡುವ ಮೊದಲೇ ತಲೆಯ ಮುಟ್ಟಾಳೆ ಕೈಗೆ ಬರುತ್ತಿತ್ತು, ಹೆಗಲ ಮೇಲಿನ ಬೈರಾಸು, ಅಂದರೆ ಟವೆಲು, ಕಂಕುಳಿಗೆ ಇಳಿಯುತ್ತಿತ್ತು. ಯಾರೂ ಇಳಿಸು ಅಂತ ಹೇಳುತ್ತಿರಲಿಲ್ಲವಂತೆ, ತಾನಾಗಿಯೇ ಇಳಿಯುತ್ತಿತ್ತು. ಅಮ್ಮ ಇದನ್ನು ಎಷ್ಟು ಸಲ ಹೇಳಿದರೂ ಬೈರಾಸಿನ ಮಾತು ಬಂದಾಗ ಒಂದು ಕ್ಷಣ ನಿಲ್ಲುತ್ತಾಳೆ.

ಆಮೇಲೆ ದೇವರಾಜ ಅರಸರ ಕಾಲದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಬಂತು. 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿಯೆಲ್ಲ ಸರ್ಕಾರದ್ದಾಯಿತು, ಉಳುವವನು ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಕಾಗದದಲ್ಲಿ ಅದು ನಮೂನೆ 7. ನಮ್ಮ ಕಡೆ ಎಲ್ಲರೂ ಹೇಳುವುದು 'ಡಿಕ್ಲರೇಶನ್ ಕೊಟ್ಟದ್ದು' ಅಂತ. ಈಗಲೂ ಹಳಬರು 'ಡಿಕ್ಲರೇಶನಿನಲ್ಲಿ ಬಂದ ಜಾಗ' ಅಂತಲೇ ಅನ್ನುತ್ತಾರೆ, ಆ ಮಾತು ಕೆಲವರ ಬಾಯಲ್ಲಿ ಹೆಮ್ಮೆ, ಕೆಲವರ ಬಾಯಲ್ಲಿ ಬೈಗುಳ. ತಾಲೂಕಿಗೆ ಭೂ ನ್ಯಾಯಮಂಡಳಿ ಬಂತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರು ಅಲ್ಲಿ ವಾದಿಸುವಂತಿರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ವಕೀಲರನ್ನು ಇಡುವ ತಾಕತ್ತು ಇದ್ದದ್ದು ಧನಿಗಳಿಗೆ ಮಾತ್ರ, ಅಲ್ವಾ.

ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇಲ್ಲಿ. ಇದೆಲ್ಲ ನಡೆದದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ದೇಶದಲ್ಲಿ ಮಾತಾಡುವಂತಿರಲಿಲ್ಲ, ಪತ್ರಿಕೆಗೆ ಕತ್ತರಿ. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ನನ್ನನ್ನು ಯಾಕೆ ಹಿಡಿದಿರಿ ಅಂತ ಕೋರ್ಟಿಗೆ ಬಂದು ಕೇಳುವ ಹಕ್ಕೂ ಈಗ ಯಾರಿಗೂ ಇಲ್ಲ ಅಂದುಬಿಟ್ಟರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರನ್ನು ದಾಟಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಇವರು ರಾಜೀನಾಮೆ ಕೊಟ್ಟು ಹೋದರು. ಅದೇ 1976ರಲ್ಲಿ ನಮ್ಮ ಅಜ್ಜ ಜೀವಮಾನದಲ್ಲಿ ಮೊದಲ ಸಲ ಧನಿಗಳ ಎದುರು ಬೆಂಚಿನ ಮೇಲೆ ಕೂತರು. ನ್ಯಾಯಮಂಡಳಿಯ ಕೋಣೆಯಲ್ಲಿ. ಕೂತುಕೊಳ್ಳಿ ಅಂತ ಒಬ್ಬ ಆಫೀಸರು ಹೇಳಿದರಂತೆ, ಬಹುವಚನದಲ್ಲಿ. ಅಜ್ಜನಿಗೆ ಗದ್ದೆ ಸಿಕ್ಕಿದ್ದಕ್ಕಿಂತ ಆ ಬಹುವಚನವೇ ಜಾಸ್ತಿ ನೆನಪಿತ್ತು.

ನಮ್ಮೂರ ಶಾಲೆಯ ಮಾಸ್ಟ್ರೊಬ್ಬರು ಆಗ ಜೈಲಿನಲ್ಲಿದ್ದರು. ಯಾವುದೋ ಕರಪತ್ರ ಹಂಚಿದ್ದಕ್ಕೆ. ಅವರ ಮಗಳು ನನ್ನ ಅಮ್ಮನ ಗೆಳತಿ. ಎರಡು ಮನೆಗೂ ನಡುವೆ ಒಂದೇ ಕಟ್ಟಹುಣಿ, ಗದ್ದೆಯ ಬದುವಿನ ಮೇಲೆ ಐದು ನಿಮಿಷದ ದಾರಿ. ಈ ಕಡೆ ಮನೆಯಲ್ಲಿ ಪಾಯಸ, ಆ ಕಡೆ ಮನೆಯಲ್ಲಿ ಒಲೆ ಉರಿದಿಲ್ಲ. ಮಾಸ್ಟ್ರು ಹೊರಗೆ ಬಂದ ಮೇಲೆ ಒಂದು ದಿನ ಅಜ್ಜನಿಗೂ ಅವರಿಗೂ ಜಗಲಿಯಲ್ಲಿ ದೊಡ್ಡ ಮಾತಾಯಿತಂತೆ. ಅಜ್ಜ ಕೇಳಿದರಂತೆ: "ನಿಮ್ಮ ಸ್ವಾತಂತ್ರ್ಯ ಹೋಗಿ ಹತ್ತೊಂಬತ್ತು ತಿಂಗಳಾಯ್ತು ಅಂತೀರಿ. ಅದಕ್ಕಿಂತ ಮೊದಲು ನಮಗೆ ಯಾವಾಗ ಇತ್ತು ಮಾಸ್ಟ್ರೇ?" ಮಾಸ್ಟ್ರು ಸುಮ್ಮನಿದ್ದರಂತೆ.

1977ರ ಚುನಾವಣೆಯಲ್ಲಿ ದೇಶದ ಉತ್ತರದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಗೆದ್ದಿತು. ನಮ್ಮ ಜನಕ್ಕೆ ಪ್ರಜಾಪ್ರಭುತ್ವ ಗೊತ್ತಿರಲಿಲ್ಲ ಅಂತ ಇದಕ್ಕೆ ಮೂಗು ಮುರಿದವರು ಇದ್ದಾರೆ. ನಾನು ಒಪ್ಪುವುದಿಲ್ಲ. ಅಜ್ಜನಂಥವರಿಗೆ ಡೆಲ್ಲಿಯ ಸರ್ವಾಧಿಕಾರಿ ಕಾಣಲಿಲ್ಲ, ಯಾಕೆಂದರೆ ಅದಕ್ಕಿಂತ ಹತ್ತಿರದಲ್ಲಿ, ಗದ್ದೆಯ ಆಚೆ ಕರೆಯಲ್ಲಿ, ಒಬ್ಬ ಸರ್ವಾಧಿಕಾರಿ ತಲೆಮಾರುಗಳಿಂದ ಇದ್ದ. ಹಾಗಂತ ಮಾಸ್ಟ್ರು ಜೈಲಿಗೆ ಹೋದದ್ದು ಸುಮ್ನೆಯೇ? ಅದೂ ಅಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಕೂರುವುದು ಕಷ್ಟ. ಆದರೆ ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಈಗ ಅಜ್ಜಿಯ ವಿಷಯ. ಡಿಕ್ಲರೇಶನ್ ಅಜ್ಜನ ಹೆಸರಲ್ಲಿ ಕೊಟ್ಟದ್ದು, ಗೇಣಿ ಚೀಟಿ ಅವರ ಹೆಸರಲ್ಲಿ ಇತ್ತು ಅಂತ. ಏಣೆಲು, ಸುಗ್ಗಿ, ಕೊಳಕೆ, ಮೂರೂ ಬೆಳೆಗೆ ನೇಜಿ ನೆಟ್ಟದ್ದು ಅಜ್ಜಿ, ಕೊಯ್ದದ್ದು ಅಜ್ಜಿ, ಭತ್ತ ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡಿದ್ದೂ ಅಜ್ಜಿ. 'ಉಳುವವನೇ ಒಡೆಯ' ಅಂತ ಘೋಷಣೆ. ಉಳುವವನು ಅಂದರೆ ಗಂಡಸು, ನೇಗಿಲು ಹಿಡಿಯುವುದು ಅವನೇ ಅಲ್ವಾ. ನೆಡುವವಳ ಬಗ್ಗೆ ಘೋಷಣೆ ಇರಲಿಲ್ಲ.

ಹೊರಗಿನವರು ನಮ್ಮನ್ನು ನೋಡಿ, "ಓ, ನಿಮ್ಮದು ಹೆಣ್ಣುಮಕ್ಕಳ ರಾಜ್ಯ" ಅನ್ನುತ್ತಾರೆ. ಭೂತಾಳ ಪಾಂಡ್ಯನ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕುಂಡೋದರ ದೈವ ಬಲಿ ಕೇಳಿತು, ರಾಜನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ, ತಂಗಿ ಬಂದು ತನ್ನ ಮಗನನ್ನು ಕೊಡುತ್ತೇನೆ ಅಂದಳು, ದೈವ ಮೆಚ್ಚಿ ಹುಡುಗನನ್ನು ಉಳಿಸಿತು, ಅಂದಿನಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ. ಚಿಕ್ಕವಳಿರುವಾಗ ಕೇಳಿದ ಕತೆ. ದೊಡ್ಡವಳಾದ ಮೇಲೆ ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು: ಕರುಳು ಕಿತ್ತು ಕೊಟ್ಟದ್ದು ತಂಗಿ, ರಾಜ್ಯ ಸಿಕ್ಕಿದ್ದು ಅಳಿಯನಿಗೆ. ತಂಗಿಗಲ್ಲ! ನಮ್ಮಲ್ಲಿ ಆಸ್ತಿ ಹೆಣ್ಣಿನ ಮೂಲಕ ಹರಿಯುತ್ತದೆ, ಆದರೆ ಅವಳ ಕೈಯಲ್ಲಿ ನಿಲ್ಲುವುದು ಕಡಿಮೆ. ತೋಡಿನಲ್ಲಿ ನೀರು ಹರಿದು ಗದ್ದೆಗೆ ಹೋದ ಹಾಗೆ. ಹೆಂಗಸರೇ ಯಜಮಾನ್ತಿಯಾಗಿ ಆಳಿದ ಮನೆಗಳೂ ಇದ್ದವು, ಇಲ್ಲ ಅಂತಲ್ಲ. ಉಳ್ಳಾಲದ ಅಬ್ಬಕ್ಕ ರಾಣಿಯಾದದ್ದೂ ಇದೇ ಮಣ್ಣಿನಲ್ಲಿ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ, ಅಷ್ಟೇ.

ಗದ್ದೆ ಸ್ವಂತದ್ದಾದ ಮೇಲೆ ಅಜ್ಜನ ಸೊಂಟದ ನೂಲಿಗೆ ಒಂದು ಬೀಗದ ಕೈ ಬಂತು. ಒಳಕೋಣೆಯದು. ಅಲ್ಲಿ ಅಕ್ಕಿಮುಡಿ, ತೆಂಗಿನಕಾಯಿ, ಬೆಲ್ಲ, ಚಾ ಪುಡಿ. ಮೊದಲು ಬೀಗ ಇರಲೇ ಇಲ್ಲವಂತೆ, ಕದಿಯಲು ಏನಿತ್ತು? ಈಗ ಬೆಳಿಗ್ಗೆ ಅಜ್ಜ ಬಂದು ಬೀಗ ತೆಗೆದು, ಸೇರಿನಲ್ಲಿ ಅಕ್ಕಿ ಅಳೆದು, ಬೆಲ್ಲದ ಉಂಡೆಯಿಂದ ಒಂದು ಚೂರು ಒಡೆದು ಕೊಟ್ಟು, ಮತ್ತೆ ಬೀಗ ಹಾಕುತ್ತಿದ್ದರು. ಮಧ್ಯಾಹ್ನ ಯಾರಾದರೂ ನೆಂಟರು ಬಂದರೆ ಅಜ್ಜಿ ಬಾಗಿಲ ಹತ್ತಿರ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದನ್ನು ಬಿಚ್ಚಿ ಹೆಗಲಿಗೆ ಹೊದ್ದುಕೊಂಡು, "ಸ್ವಲ್ಪ ಬೆಲ್ಲ ಬೇಕಿತ್ತು" ಅನ್ನುತ್ತಿದ್ದರು. ಅಜ್ಜ ಕೆಟ್ಟವರಲ್ಲ. ಯಾವತ್ತೂ ಇಲ್ಲ ಅನ್ನುತ್ತಿರಲಿಲ್ಲ. ಕೇಳಬೇಕಿತ್ತು, ಅಷ್ಟೇ. ಧನಿಗಳೂ ಕೆಟ್ಟವರಾಗಿರಲಿಲ್ಲ, ಕೇಳಿದರೆ ಕೊಡುತ್ತಿದ್ದರು, ಅಜ್ಜನೇ ಹೇಳುತ್ತಿದ್ದರು.

ಸ್ವಾತಂತ್ರ್ಯವೂ ಆರ್‌ಟಿಸಿ, ಅಂದರೆ ಜಮೀನಿನ ಪಹಣಿ, ಇದ್ದ ಹಾಗೆ ಅಂತ ನನಗೆ ಅನ್ನಿಸುವುದು ಅದಕ್ಕೇ. ಊರಿಗೆಲ್ಲ ಬಂತು ಅಂತೇವೆ, ದೇಶಕ್ಕೆ ಬಂತು ಅಂತೇವೆ, ಆದರೆ ಕಾಲಂ ತೆಗೆದು ನೋಡಿದರೆ ಅದು ಯಾರೋ ಒಬ್ಬರ ಹೆಸರಲ್ಲಿ ಇರುತ್ತದೆ. ಆ ಮನೆಯ ಉಳಿದವರು ಅವನ ಒಕ್ಕಲು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಬಾಲ್ಯ ನೋಡಿ. ದೊಡ್ಡ ಹುದ್ದೆಯಲ್ಲಿದ್ದ ತಂದೆ ಉಯಿಲು ಬರೆಯದೆ ತೀರಿಕೊಂಡರು, ಆಸ್ತಿಯೆಲ್ಲ ತಂದೆಯ ಮೊದಲ ಸಂಬಂಧದ ಮಗನಿಗೆ ಹೋಯಿತು, ತಾಯಿಗೆ ತಿಂಗಳಿಗಿಷ್ಟು ಅಂತ ಖರ್ಚಿಗೆ. ಆ ತಾಯಿ ಅದು ಬೇಡ ಅಂದರು. ಅದೇ ಮಗಳು 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೆಲವೇ ಮತಗಳಲ್ಲಿ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಶುರುವಾದಾಗ ಹೆಂಗಸರನ್ನೂ ಸೇರಿಸಿಕೊಳ್ಳಬೇಕು ಅಂತ ಗಾಂಧೀಜಿಯವರ ಹತ್ತಿರವೇ ವಾದ ಮಾಡಿದರು. ಸ್ವಾತಂತ್ರ್ಯ ಹೋರಾಟದ ಒಳಗೂ ಹೆಸರು ಬರೆಸಿಕೊಳ್ಳಲು ಇನ್ನೊಂದು ಅರ್ಜಿ!

ಅಜ್ಜಿಯನ್ನು ಬಿಡಿಸಿದ್ದು ಕಾನೂನಲ್ಲ, ಬೀಡಿ. ನಗಬೇಡಿ. ನಮ್ಮ ಕರಾವಳಿಯಲ್ಲಿ ಎಷ್ಟು ಮನೆಗಳ ಮಕ್ಕಳ ಫೀಸು ಬೀಡಿ ಕಟ್ಟಿದ ದುಡ್ಡಿನಿಂದ ಹೋಗಿದೆ ಅಂತ ನಮಗೇ ಗೊತ್ತು. ಅದು ಒಳ್ಳೆಯ ಕೆಲಸ ಅಂತ ನಾನು ಹೇಳುವುದಿಲ್ಲ. ಬೆನ್ನು ಬಾಗುತ್ತದೆ, ತಂಬಾಕಿನ ಧೂಳು ಕುಡಿಯಬೇಕು, ಬೀಡಿ ತೆಗೆದುಕೊಳ್ಳುವ ಬ್ರಾಂಚಿನವನು ಸರಿಯಿಲ್ಲ ಅಂತ ಒಂದು ಕಟ್ಟು ಬದಿಗೆ ಎಸೆದರೆ ಕೇಳುವವರಿಲ್ಲ, ಅವನದ್ದು ಇನ್ನೊಂದು ದರ್ಬಾರು. ಆದರೆ ಪಾಸ್‌ಬುಕ್ ಅಜ್ಜಿಯ ಹೆಸರಲ್ಲಿ ಇತ್ತು. ಅವರ ಹೆಸರು ಅಚ್ಚಿನ ಕಾಗದವೊಂದರ ಮೇಲೆ ಬಂದದ್ದು, ಮತದಾರರ ಪಟ್ಟಿ ಬಿಟ್ಟರೆ, ಅದೇ ಮೊದಲು. ಮೊದಲ ವಾರದ ಮಜೂರಿ ಬಂದ ಶನಿವಾರ ಸಂಜೆ ಅಜ್ಜಿ ಅಂಗಡಿಗೆ ಹೋಗಿ ಒಂದು ಇಡೀ ಉಂಡೆ ಬೆಲ್ಲ ತಂದು, ಬೀಡಿ ಎಲೆಯ ತಡ್ಪೆಯಲ್ಲಿ, ಅಂದರೆ ಮೊರದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಅಜ್ಜ ನೋಡಿದರು. ಏನೂ ಹೇಳಲಿಲ್ಲ. ಮರುದಿನ ಬೆಲ್ಲ ಒಡೆದು ಕೊಡಲು ಬಂದವರು, ಬರೀ ಅಕ್ಕಿ ಅಳೆದು ಹೋದರು.

ಕತೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಮನೆಗೆ ಬುಟ್ಟಿ ಮಾರಲು ಕೊರಗರ ಹೆಂಗಸೊಬ್ಬಳು ಬರುತ್ತಿದ್ದಳು. ಅಂಗಳದ ಹೊರಗೆ ನಿಲ್ಲುತ್ತಿದ್ದಳು. ಅವಳಿಗೆ ಅಜ್ಜಿ ಚಾ ಕೊಡುತ್ತಿದ್ದರು, ಅದೇ ಸ್ವಂತ ಬೆಲ್ಲ ಹಾಕಿದ ಚಾ. ತೆಂಗಿನ ಗೆರಟೆಯಲ್ಲಿ. ಮೇಲಿನಿಂದ ಹೊಯ್ಯುತ್ತಿದ್ದರು, ತಾಗಬಾರದು ಅಂತ. ಗೆರಟೆ ಬೇಲಿಯ ಗೂಟದ ಮೇಲೆ ಕವುಚಿ ಇರುತ್ತಿತ್ತು. ಆಗ ನನಗೆ ಏಳೋ ಎಂಟೋ ವರ್ಷ, ಅದು ಗೆರಟೆಯ ಜಾಗ ಅಂತಲೇ ತಿಳಿದಿದ್ದೆ. ಅದೇ ಮನೆಯವರು ವರ್ಷಕ್ಕೊಮ್ಮೆ ಬಸ್ಸು ಹಿಡಿದು ಮಂಗಳೂರಿನ ಕುದ್ರೋಳಿ ದೇವಸ್ಥಾನಕ್ಕೆ ಬರುತ್ತಿದ್ದೆವು. ಬೇರೆ ದೇವಸ್ಥಾನಗಳ ಒಳಗೆ ಬಿಡದಿದ್ದಾಗ ನಮ್ಮ ಹಿರಿಯರು ಕಟ್ಟಿಕೊಂಡದ್ದು, 1912ರಲ್ಲಿ ನಾರಾಯಣ ಗುರುಗಳೇ ಬಂದು ಪ್ರತಿಷ್ಠೆ ಮಾಡಿದ್ದು ಅಂತ ಅಜ್ಜ ಪ್ರತಿ ಸಲ ಹೇಳುತ್ತಿದ್ದರು, ಹೇಳುವಾಗ ಕಣ್ಣು ಒದ್ದೆಯಾಗುತ್ತಿತ್ತು. ಮನೆಗೆ ಹೋದರೆ ಗೆರಟೆ ಗೂಟದ ಮೇಲೇ. ಕಾಯಿಲೆಯವರ ಕೂದಲು, ಉಗುರು ಬೆರೆಸಿದ ಅನ್ನ ಕೊರಗರಿಗೆ ತಿನ್ನಿಸಿದರೆ ಕಾಯಿಲೆ ದಾಟುತ್ತದೆ ಅನ್ನುವ ಅಜಲು ಪದ್ಧತಿಯನ್ನು ನಿಲ್ಲಿಸಲು ನಮ್ಮ ರಾಜ್ಯ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಯಾವಾಗ ಗೊತ್ತಾ? 2000ದಲ್ಲಿ.

ಇದನ್ನು ಬರೆಯುವಾಗ ಅಜ್ಜಿಯ ಮೇಲೆ ಸಿಟ್ಟು ಬರಬೇಕಿತ್ತು. ಬರುವುದಿಲ್ಲ, ನಾಚಿಕೆ ಮಾತ್ರ ಬರುತ್ತದೆ. ಬೆಲ್ಲಕ್ಕಾಗಿ ಬಾಗಿಲಲ್ಲಿ ನಿಂತವರಿಗೆ ಬೇಲಿಯಾಚೆ ನಿಂತವಳ ಸಂಕಟ ಗೊತ್ತಾಗಬೇಕಿತ್ತಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಕಷ್ಟ ಪಟ್ಟವರು ಮೆತ್ತಗಾಗುತ್ತಾರೆ ಅನ್ನುವುದು ನಮ್ಮ ಆಸೆ, ಅಷ್ಟೇ. ನಾನು ನೋಡಿದ ಮಟ್ಟಿಗೆ ಅಧಿಕಾರ ಹೇಗೆ ನಡೆಸುವುದು ಅನ್ನುವುದನ್ನು ಮನುಷ್ಯ ಕಲಿಯುವುದು ಅದರ ಕೆಳಗೆ ನಿಂತಾಗಲೇ. ಅಜ್ಜನಿಗೆ ಒಡೆಯ ಅಂದರೆ ಹೇಗಿರಬೇಕು ಅನ್ನುವುದಕ್ಕೆ ಧನಿಗಳನ್ನು ಬಿಟ್ಟರೆ ಬೇರೆ ಮಾದರಿ ಎಲ್ಲಿತ್ತು?

ಭೂತಕೋಲದ ರಾತ್ರಿ ಮಾತ್ರ ಎಲ್ಲ ತಲೆಕೆಳಗಾಗುತ್ತಿತ್ತು. ಧನಿಗಳ ಮನೆಯ ನೇಮಕ್ಕೆ ಊರೇ ಸೇರುತ್ತಿತ್ತು. ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಏರಿಸಿ ದೈವ ಎದ್ದು ನಿಂತಿತು ಅಂದರೆ ಧನಿಗಳೇ ಕೈ ಮುಗಿದು ಎದುರು ನಿಲ್ಲಬೇಕು. ಒಮ್ಮೆ ತೋಡಿನ ನೀರಿನ ತಕರಾರಿನಲ್ಲಿ ದೈವ ಧನಿಗಳನ್ನು ಎಲ್ಲರೆದುರು ಗದರಿಸಿ ತಪ್ಪು ಒಪ್ಪಿಸಿತಂತೆ. ಮರುದಿನ ಬೆಳಿಗ್ಗೆ ಆ ದೈವ ಕಟ್ಟಿದವರು ಅದೇ ಅಂಗಳದ ಕೆಳಗೆ, ಬಣ್ಣ ಪೂರ್ತಿ ಹೋಗದ ಮುಖ ಹೊತ್ತು, ತಮ್ಮ ಪಾಲಿನ ಅಕ್ಕಿಗೆ ತೆಂಗಿನಕಾಯಿಗೆ ಕಾಯುತ್ತಾ ನಿಂತಿರುತ್ತಿದ್ದರು. ಒಂದು ರಾತ್ರಿಯ ಆ ನ್ಯಾಯ ಉಳಿದ ದಿನಗಳ ಅನ್ಯಾಯವನ್ನು ಸಹಿಸುವ ಹಾಗೆ ಮಾಡಿತೋ, ಅಥವಾ ಧನಿಗೆ ವರ್ಷವಿಡೀ ಸ್ವಲ್ಪವಾದರೂ ಭಯ ಇಟ್ಟಿತೋ? ನಾನು ಎರಡನ್ನೂ ನಂಬುತ್ತೇನೆ, ದಿನಕ್ಕೊಂದರಂತೆ.

ಇನ್ನು ನನ್ನ ದರ್ಬಾರು. 2019ರ ಬೇಸಿಗೆ ಮಂಗಳೂರಿನವರಿಗೆ ಮರೆತಿರಲಿಕ್ಕಿಲ್ಲ. ತುಂಬೆಯ ಡ್ಯಾಮಿನಲ್ಲಿ ನೇತ್ರಾವತಿ ಇಳಿದು, ಪಾಲಿಕೆಯವರು ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುತ್ತಿದ್ದರು. ನಾನು ಆಗಷ್ಟೇ ಕಾರ್ಯದರ್ಶಿ. ನಮ್ಮ ಬಿಲ್ಡಿಂಗಿಗೆ ದಿನಕ್ಕೆ ಎರಡು ಹೊತ್ತು, ಅರ್ಧರ್ಧ ಗಂಟೆ ನೀರು ಅಂತ ನಾನೇ ನಿಯಮ ಮಾಡಿದೆ, ವಾಲ್ವಿಗೆ ಬೀಗ ಹಾಕಿಸಿದೆ. ಬೇಕಿತ್ತು, ಇಲ್ಲದಿದ್ದರೆ ಕೆಳಗಿನವರೇ ಎಲ್ಲ ತುಂಬಿಸಿಕೊಳ್ಳುತ್ತಿದ್ದರು. ಒಂದು ವಾರದಲ್ಲಿ ಏನೋ ಆಯಿತು. ಹತ್ತು ವರ್ಷದಿಂದ ಲಿಫ್ಟಿನಲ್ಲಿ ಮುಖ ಕೊಡದ ನಿವೃತ್ತ ಬ್ಯಾಂಕ್ ಮ್ಯಾನೇಜರು ಹಲಸಿನ ಹಪ್ಪಳ ಕಳಿಸಿದರು. ಎರಡನೇ ಮಹಡಿಯವರು ಮನೆಯಲ್ಲಿ ಪೂಜೆ ಇದೆ, ಹತ್ತು ನಿಮಿಷ ಜಾಸ್ತಿ ಬಿಡಬಹುದಾ ಅಂತ ಕೇಳಲು ಬಾಗಿಲಿಗೆ ಬಂದರು. ಬಿಟ್ಟೆ. ಇನ್ನೊಬ್ಬರು ಕೇಳಿದಾಗ, ನಿಯಮ ಅಂದರೆ ನಿಯಮ ಅಂದೆ. ಯಾಕೆ ಅಂದರೆ ಹಿಂದಿನ ವರ್ಷ ಪಾರ್ಕಿಂಗಿನ ವಿಷಯದಲ್ಲಿ ನನ್ನ ಮೇಲೆ ಕೂಗಾಡಿದ್ದರು. ಎಷ್ಟು ರುಚಿ ಇತ್ತು ಗೊತ್ತಾ ಆ ಮಾತಿಗೆ! ಹಪ್ಪಳಕ್ಕಿಂತ ರುಚಿ.

ಮಳೆ ಬಂತು, ತುಂಬೆ ತುಂಬಿತು, ಬೀಗ ಮಾತ್ರ ಹಾಗೇ ಉಳಿಯಿತು. ಇರಲಿ, ಮುಂದಿನ ಬೇಸಿಗೆಗೆ ಬೇಕಾಗ್ತದೆ ಅಂದೆ. ಆಮೇಲೆ ಮನೆಕೆಲಸದವರು ಲಿಫ್ಟ್ ಬಳಸಬಾರದು ಅಂತ ಒಂದು ನೋಟಿಸು ಬಂತು. ನನ್ನ ಐಡಿಯಾ ಅಲ್ಲ, ಕಮಿಟಿಯದ್ದು. ಸಹಿ ನನ್ನದು. ಕಾರಣ ಕರೆಂಟ್ ಬಿಲ್ಲು ಅಂತ ಬರೆದಿದ್ದೆವು. ನಮ್ಮ ಮನೆಗೆ ಬರುವ ಅಕ್ಕ ಐದನೇ ಮಹಡಿಗೆ ಮೊಣಕಾಲು ಹಿಡಿದುಕೊಂಡು ಹತ್ತಿ ಬಂದು, ಬಾಗಿಲ ಹತ್ತಿರ ಉಸಿರು ಬಿಡುತ್ತಾ ನಿಲ್ಲುತ್ತಿದ್ದರು. ನಾನು ಅವರಿಗೆ ನೀರು ಕೊಡುತ್ತಿದ್ದೆ. ಸ್ಟೀಲ್ ಲೋಟದಲ್ಲಿ, ಗೆರಟೆಯಲ್ಲಿ ಅಲ್ಲ, ಅದನ್ನೇ ದೊಡ್ಡ ವಿಷಯ ಅಂದುಕೊಂಡಿದ್ದೆ. ಒಂದು ವರ್ಷ ಇತ್ತು ಆ ನೋಟಿಸು. ತೆಗೆದದ್ದು ನನ್ನ ಮನಸ್ಸು ಕರಗಿ ಅಲ್ಲ, ಮಗಳು ಹರಿದು ಹಾಕಿದ್ದು. ಮತ್ತೆ ಅಂಟಿಸಲು ನನಗೆ ಮುಖ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ವಾಚ್‌ಮನ್ ಸಂಬಳದ ಅಡ್ವಾನ್ಸ್ ಕೇಳಲು ಬಂದಿದ್ದ. ಉತ್ತರ ಕರ್ನಾಟಕದವನು, ನನ್ನ ತಮ್ಮನ ವಯಸ್ಸು. ನಾನು ಸೋಫಾದಲ್ಲಿ ಮೊಬೈಲು ನೋಡುತ್ತಾ, "ಹೂಂ, ಹೇಳು" ಅಂದೆ. ಮಾತೇ ಬರಲಿಲ್ಲ ಅಂತ ತಲೆ ಎತ್ತಿದೆ. ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ.

ನಾನು ತೆಗಿ ಅಂದಿರಲಿಲ್ಲ. ಕೂತುಕೋ ಅಂತಲೂ ಅಂದಿರಲಿಲ್ಲ.

ಕೃಷ್ಣ ಮಠದ ಪೂಜೆಯ ಅಧಿಕಾರ ಒಬ್ಬ ಸ್ವಾಮಿಗಳಿಂದ ಇನ್ನೊಬ್ಬರಿಗೆ ಹೋಗುವ ಪರ್ಯಾಯಕ್ಕೆ ಅಜ್ಜ ನನ್ನನ್ನು ಒಮ್ಮೆ ಉಡುಪಿಗೆ ಕರೆದುಕೊಂಡು ಹೋಗಿದ್ದರು. ಜನವರಿ 17ರ ರಾತ್ರಿ ಇಡೀ ಊರೇ ಮಲಗುವುದಿಲ್ಲ. ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ರಥಬೀದಿಗೆ ಬರುತ್ತದೆ. ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳಿಗೆ ಕೊಡುವುದು ಏನು? ಅಕ್ಷಯ ಪಾತ್ರೆ, ಗರ್ಭಗುಡಿಯ ಬೀಗದ ಕೈ ಮತ್ತು ಒಂದು ಸಟ್ಟುಗ. ಬಡಿಸುವ ಸಟ್ಟುಗ! ಅಷ್ಟ ಮಠಗಳಿಗೆ ಎರಡೆರಡು ತಿಂಗಳಂತೆ ಇದ್ದ ಸರದಿಯನ್ನು ಎರಡೆರಡು ವರ್ಷ ಮಾಡಿದ್ದು ವಾದಿರಾಜರು. ಒಮ್ಮೆ ಇಳಿದವರಿಗೆ ಮತ್ತೆ ಸರದಿ ಬರಲು 14 ವರ್ಷ. ಆ ಸಟ್ಟುಗ ಯಾರ ಕೈಗೆ ಹೋಗಬಹುದು, ಯಾರಿಗೆ ಯಾವ ಪಂಕ್ತಿಯಲ್ಲಿ ಬಡಿಸುತ್ತದೆ ಅನ್ನುವುದರ ಬಗ್ಗೆ ನನಗೆ ತಕರಾರು ಇದೆ, ಅದು ಬೇರೆಯೇ ಬರಹ ಆಗುತ್ತದೆ. ಆದರೆ ಸನ್ಯಾಸಿಗಳನ್ನೂ ಪೂರ್ತಿ ನಂಬದೆ ತಾರೀಕು ಗೊತ್ತು ಮಾಡಿ ಇಟ್ಟವರಿಗೆ ಮನುಷ್ಯರ ಬಗ್ಗೆ ಏನೋ ಗೊತ್ತಿತ್ತು. ಒಳ್ಳೆಯವರು ತಾವಾಗಿಯೇ ಇಳಿಯುತ್ತಾರೆ ಅಂತ ಬಿಟ್ಟುಬಿಡಲಿಲ್ಲ. ಅಜ್ಜ ಜನರ ನಡುವೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೋಡು, ಎರಡೇ ವರ್ಷ. ಬಿಟ್ಟು ಹೋಗ್ತಾರೆ" ಅಂತ ಮೆಚ್ಚಿ ಹೇಳಿದ್ದರು. ಆಗಲೂ ಸೊಂಟದ ಬೀಗದ ಕೈ ಸೊಂಟದಲ್ಲೇ ಇತ್ತು. ಕೊನೆಗೆ ಹಾಸಿಗೆ ಹಿಡಿದಾಗ ಅದನ್ನು ಬಿಚ್ಚಿ, ಅಜ್ಜಿಯ ಎದುರೇ, ನನ್ನ ಮಾವನ ಕೈಗೆ ಕೊಟ್ಟರು. ಅಜ್ಜಿ ಅಮ್ಮನ ಹತ್ತಿರ ಇಷ್ಟೇ ಹೇಳಿದ್ದು: "ನನಗೆ ಯಾಕೆ ಅದು, ಬೆಲ್ಲ ಅಂಗಡಿಯಲ್ಲಿ ಸಿಗ್ತದೆ."

ಕಳೆದ ಜೂನಿನ ಸಭೆಯಲ್ಲಿ ನಾನೇ ಹೇಳಿದ್ದೆ, ಈ ಸಲ ಬೇರೆಯವರು ನೋಡಿಕೊಳ್ಳಿ ಅಂತ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನಾಲ್ಕನೇ ಮಹಡಿಯ ಹುಡುಗಿ, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವಳು, "ನಾನು ನೋಡ್ಕೊಳ್ತೇನೆ ಆಂಟಿ" ಅಂದಳು. ನಾನು ಏನಂದೆ ಹೇಳಿ? "ನಿನಗೆ ಆಫೀಸಿನ ಕೆಲಸವೇ ಜಾಸ್ತಿ ಅಲ್ವಾ ಮಗಾ, ಮುಂದಿನ ವರ್ಷ ನೋಡುವ" ಅಂದೆ. ಎಲ್ಲರೂ ಹೌದು ಹೌದು ಅಂದರು.

ಮಗಳ ಮಾತಾದ ಮೇಲೆ, ಹೋದ ಭಾನುವಾರ, ಆ ಹುಡುಗಿಯನ್ನು ಕರೆದೆ. ಕೆಳಗೆ ಕರೆದುಕೊಂಡು ಹೋಗಿ ವಾಲ್ವ್ ಹೇಗೆ ತಿರುಗಿಸುವುದು, ಟ್ಯಾಂಕರಿನವನಿಗೆ ಎಷ್ಟೊತ್ತಿಗೆ ಫೋನು ಮಾಡಿದರೆ ಸಿಗುತ್ತಾನೆ, ಯಾವ ಮನೆಯವರು ಸುಳ್ಳು ಹೇಳುತ್ತಾರೆ, ಎಲ್ಲ ಹೇಳಿಕೊಟ್ಟೆ. ಅವಳು ಎಲ್ಲ ಕೇಳಿ, "ಮಳೆಗಾಲದಲ್ಲಿ ಬೀಗ ಯಾಕೆ ಆಂಟಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೀ ಕೊಟ್ಟೆ. ಅವಳು ಮೆಟ್ಟಿಲು ಹತ್ತುತ್ತಿದ್ದಾಗ ಹಿಂದಿನಿಂದ ಕೂಗಿ ಹೇಳಿದೆ, ಒಂದು ಡೂಪ್ಲಿಕೇಟ್ ನನ್ನತ್ರ ಇರಲಿ, ಎಮರ್ಜೆನ್ಸಿಗೆ.